ಒತ್ತಡದ ಕೆಲಸದಲ್ಲಿ ದಿನವೂ ಒಂದೇ ಮಟ್ಟ ಉಳಿಸಿಕೊಳ್ಳುವುದು ಹೇಗೆ? ಕ್ಯಾಶುವಾಲ್ಟಿಯ ನರ್ಸ್ ಒಬ್ಬಳ ಉತ್ತರ

ನಿಮ್ಮ ಪ್ರಶ್ನೆ ಓದಿದೆ. ಎರಡು ದಿನ ಎಲ್ಲರೂ ಮೆಚ್ಚುವ ಹಾಗೆ ಕೆಲಸ ಮಾಡುತ್ತೀರಿ, ಮೂರನೇ ದಿನ ಸಣ್ಣ ಸಣ್ಣ ತಪ್ಪುಗಳು ಶುರುವಾಗುತ್ತವೆ. ಎಷ್ಟೇ ಒತ್ತಡ ಇದ್ದರೂ ಕೆಲವರು ದಿನವೂ ಒಂದೇ ಥರ ಕೆಲಸ ಮಾಡುತ್ತಾರಲ್ಲ, ಅವರಲ್ಲಿ ಏನಿದೆ ಎಂದು ಕೇಳಿದ್ದೀರಿ. ನಿಮ್ಮದು ಆಫೀಸಿನ ಕೆಲಸ. ನಾನು ಜಿಲ್ಲಾಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ನರ್ಸ್ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಯಿತು. ಕೆಲಸ ಬೇರೆ ಆದರೂ ಇದೇ ಪ್ರಶ್ನೆ ನನ್ನನ್ನೂ ತುಂಬಾ ದಿನ ಕಾಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ.

ಕೆಲಸಕ್ಕೆ ಸೇರಿ ಎರಡನೇ ವರ್ಷ. ಆಗ ಬೇರೆ ಆಸ್ಪತ್ರೆಯಲ್ಲಿದ್ದೆ. ಮಳೆಗಾಲ. ರಾತ್ರಿ ಹತ್ತು ಗಂಟೆ ದಾಟಿತ್ತು. ಹಾವು ಕಚ್ಚಿದೆ ಎಂದು ಹುಡುಗನೊಬ್ಬನನ್ನು ಎತ್ತಿಕೊಂಡು ಬಂದರು. ಹಿಂದೆ ಟೆಂಪೋ ತುಂಬಾ ಜನ. ಯಾವ ಹಾವು ಅಂತ ಯಾರೂ ನೋಡಿಲ್ಲ. ಇಂಥ ಹೊತ್ತಿನಲ್ಲಿ ಮಾಡುವ ಪರೀಕ್ಷೆ ತುಂಬಾ ಸರಳ. 2 ಎಂ.ಎಲ್. ರಕ್ತ ತೆಗೆದು, ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಮುಟ್ಟದೆ ಇಡಬೇಕು. ಆಮೇಲೆ ಒಂದು ಸಲ ವಾಲಿಸಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ಎ.ಎಸ್.ವಿ. ಅಂದರೆ ಹಾವಿನ ವಿಷಕ್ಕೆ ಕೊಡುವ ಮದ್ದು, ಅದನ್ನು ಶುರು ಮಾಡಬೇಕು. ಇದಕ್ಕೆ ಪ್ಲಾಸ್ಟಿಕ್ ಟ್ಯೂಬ್ ಆಗುವುದಿಲ್ಲ. ಸೋಪು ಹಾಕಿ ತೊಳೆದ ಗಾಜೂ ಆಗುವುದಿಲ್ಲ.

20 ನಿಮಿಷ ಅಂದರೆ ಕೇಳುವುದಕ್ಕೆ ಏನೂ ಅಲ್ಲ. ಹುಡುಗನ ಅಮ್ಮ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. "ಏನ್ ಸಿಸ್ಟರ್, ಸುಮ್ನೆ ನಿಂತಿದ್ದೀರಲ್ಲ, ಇಂಜೆಕ್ಷನ್ ಕೊಡಿ" ಎಂದು ಹತ್ತು ಜನ ಮೈಮೇಲೆ ಬೀಳುತ್ತಿದ್ದರು. ಟ್ಯೂಬ್ ಇಟ್ಟ ಹೊತ್ತನ್ನು ನಾನು ಬರೆದಿರಲಿಲ್ಲ. ಸಾಕಷ್ಟು ಹೊತ್ತಾಯಿತು ಅನ್ನಿಸಿತು. ವಾಲಿಸಿದೆ. ರಕ್ತ ಹರಿಯಿತು. ಡಾಕ್ಟರಿಗೆ ಹೇಳಿದೆ. ಎ.ಎಸ್.ವಿ. ಬಾಟಲಿಗಳನ್ನು ಹೊರಗೆ ತೆಗೆದದ್ದೂ ಆಯಿತು. ಆಗ ಹಿರಿಯ ಸಿಸ್ಟರ್ ಒಬ್ಬರು ಮೆಲ್ಲಗೆ ಕೇಳಿದರು, "ಎಷ್ಟು ಗಂಟೆಗೆ ಇಟ್ಟಿದ್ದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕೇಸ್ ಶೀಟಿನಲ್ಲಿ ಡಾಕ್ಟರ್ ಬರೆದ ಸಮಯ ನೋಡಿದರೆ ಹುಡುಗ ಒಳಗೆ ಬಂದೇ ಹದಿನೈದು ನಿಮಿಷ ಆಗಿತ್ತು.

ಮತ್ತೆ ರಕ್ತ ತೆಗೆದೆವು. ಈ ಸಲ ಗೋಡೆ ಗಡಿಯಾರ ನೋಡಿ ಇಟ್ಟೆವು. 20 ನಿಮಿಷಕ್ಕೆ ಚೆನ್ನಾಗಿ ಹೆಪ್ಪುಗಟ್ಟಿತ್ತು. ಹುಡುಗನನ್ನು 24 ಗಂಟೆ ಇಟ್ಟುಕೊಂಡು ನೋಡಿದೆವು, ಏನೂ ಆಗಲಿಲ್ಲ. ಎ.ಎಸ್.ವಿ. ಸುಮ್ಮನೆ ಕೊಡುವ ಮದ್ದಲ್ಲ. ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಕೆಲವರ ಮೈಗೆ ಒಗ್ಗದೆ ಬಿ.ಪಿ. ಕುಸಿದು ಜೀವಕ್ಕೇ ಬರುತ್ತದೆ. ಹೆಪ್ಪುಗಟ್ಟುವ ರಕ್ತ ಇದ್ದ ಹುಡುಗನಿಗೆ ನನ್ನ ಐದಾರು ನಿಮಿಷದ ಅವಸರದಿಂದ ಅದು ಹೋಗುತ್ತಿತ್ತು.

ಆ ರಾತ್ರಿ ಮನೆಗೆ ಹೋದ ಮೇಲೂ ಯೋಚಿಸಿದೆ. ನನಗೆ ಪರೀಕ್ಷೆ ಬಾಯಿಪಾಠವಾಗಿತ್ತು. ಆಲಸ್ಯವೂ ಮಾಡಿರಲಿಲ್ಲ. ಜನ ಮೈಮೇಲೆ ಬಿದ್ದಾಗ ನನ್ನ ತಲೆಯೊಳಗಿನ ಗಡಿಯಾರ ಕೆಟ್ಟಿತು, ಅಷ್ಟೇ. ನಿಜ ಹೇಳಬೇಕೆಂದರೆ ಹನ್ನೊಂದು ವರ್ಷದ ಮೇಲೆ ಈಗಲೂ ಕೆಡುತ್ತದೆ. ಈಗ ಟ್ಯೂಬಿಗೆ ಪ್ಲಾಸ್ಟರ್ ಅಂಟಿಸಿ, ಇಟ್ಟ ಸಮಯ ಮತ್ತು ನೋಡಬೇಕಾದ ಸಮಯ ಎರಡನ್ನೂ ಬರೆಯುತ್ತೇನೆ. ಮನೆಯವರಿಗೂ ತೋರಿಸುತ್ತೇನೆ. "ಅಮ್ಮಾ, ಹತ್ತು ನಲವತ್ತಕ್ಕೆ ನೋಡಬೇಕು. ಅಲ್ಲಿವರೆಗೆ ಮುಟ್ಟಬಾರದು. ನೀವೂ ಗಡಿಯಾರ ನೋಡ್ತಾ ಇರಿ." ಅರ್ಧ ಗಲಾಟೆ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ದಿನವೂ ಒಂದೇ ಮಟ್ಟದಲ್ಲಿ ಕೆಲಸ ಮಾಡುವವರ ತಲೆಯೂ ಒತ್ತಡದಲ್ಲಿ ಕೆಡುತ್ತದೆ. ಎಲ್ಲಿ ಕೆಡುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆ ಜಾಗದಲ್ಲಿ ತಲೆಯನ್ನು ನಂಬದೆ ಕಾಗದವನ್ನೋ ಗಡಿಯಾರವನ್ನೋ ಪಕ್ಕದವರನ್ನೋ ನಂಬುತ್ತಾರೆ.

ಇದಕ್ಕೆ ನಮ್ಮಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿ.ಪಿ.ಆರ್. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಒಮ್ಮೆ ಮಾಡಿ ನೋಡಿದರೆ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು ಎಂಬುದು ನಿಯಮ. ಗಟ್ಟಿಮುಟ್ಟಾದ ಹುಡುಗರೂ ಬದಲಾಗಬೇಕು. ಯಾಕೆಂದರೆ ಒಂದೆರಡು ನಿಮಿಷದಲ್ಲೇ ಒತ್ತುವ ಆಳ ಕಡಿಮೆಯಾಗುತ್ತದೆ, ಒತ್ತುತ್ತಿರುವವರಿಗೆ ಮಾತ್ರ ಅದು ಗೊತ್ತಾಗುವುದಿಲ್ಲ. "ನನಗೇನೂ ಸುಸ್ತಾಗಿಲ್ಲ, ನಾನೇ ಮಾಡ್ತೀನಿ ಸಿಸ್ಟರ್" ಎಂದು ಹೇಳುತ್ತಲೇ ಇರುತ್ತಾರೆ. ಪಕ್ಕದಲ್ಲಿ ನಿಂತ ನನಗೆ ಕಾಣುತ್ತದೆ, ಕೈ ಮೇಲೆ ಮೇಲೆಯೇ ಆಡುತ್ತಿದೆ. ಹೊಸದಾಗಿ ಬಂದವರಿಗೆ ಇದು ಬೇಸರ. ತಮ್ಮ ಶಕ್ತಿಯ ಮೇಲೆ ಅನುಮಾನ ಪಟ್ಟ ಹಾಗೆ ಅನ್ನಿಸುತ್ತದೆ. ಆದರೆ ಅರ್ಧ ಗಂಟೆ ಸಿ.ಪಿ.ಆರ್. ನಡೆದರೂ ಕೊನೆಯ ಒತ್ತು ಮೊದಲನೆಯದರಷ್ಟೇ ಆಳ ಇರಬೇಕೆಂದರೆ ಇದೊಂದೇ ದಾರಿ.

ನಿಮ್ಮ ಮೂರನೇ ದಿನದ ಬಗ್ಗೆ ಓದಿದಾಗ ನನಗೆ ಇದೇ ನೆನಪಾಯಿತು. ಮೊದಲೆರಡು ದಿನ ಊಟ, ನಿದ್ದೆ ಬಿಟ್ಟು ಮಾಡಿದ್ದೀರಿ ಎಂದು ನೀವೇ ಬರೆದಿದ್ದೀರಿ. ಸುಸ್ತಾಗಿಲ್ಲ ಅನ್ನಿಸಿದ್ದರಿಂದ ಮಾಡಿದಿರಿ, ಅಲ್ವಾ? ಸುಸ್ತಾದ ಮೇಲೆ ನಿಲ್ಲಿಸೋಣ ಎಂದುಕೊಂಡರೆ ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ಏಳುವ ಹೊತ್ತು, ಊಟದ ಹೊತ್ತು, ಕಂಪ್ಯೂಟರ್ ಮುಚ್ಚುವ ಹೊತ್ತು ಇವನ್ನು ಗಡಿಯಾರಕ್ಕೆ ಕಟ್ಟಿಬಿಡಿ. ಮೊದಲ ದಿನ, ಇನ್ನೂ ಉತ್ಸಾಹ ಇರುವಾಗಲೇ ಎದ್ದು ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಅದೇ ಕಷ್ಟ. ನನಗೂ ಅದೇ ಕಷ್ಟವಾಗಿದ್ದು.

ಇನ್ನೊಂದು ವಿಷಯ, ವೇಗ. ಕ್ಯಾಶುವಾಲ್ಟಿ ಅಂದರೆ ಎಲ್ಲರೂ ಓಡಾಡುತ್ತಿರುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಒಳ್ಳೆಯ ನರ್ಸ್ ಓಡುವುದು ತುಂಬಾ ಕಡಿಮೆ. ಎ.ಎಸ್.ವಿ. ಪುಡಿಯ ರೂಪದಲ್ಲಿ ಬರುತ್ತದೆ. ಒಂದೊಂದು ಬಾಟಲಿಗೂ 10 ಎಂ.ಎಲ್. ನೀರು ಸೇರಿಸಿ ಕರಗಿಸಬೇಕು. ಸಾಮಾನ್ಯವಾಗಿ 10 ಬಾಟಲಿಯಿಂದ ಶುರು ಮಾಡುತ್ತೇವೆ. ಅವಸರ ಪಟ್ಟು ಜೋರಾಗಿ ಅಲುಗಾಡಿಸಿದರೆ ನೊರೆ ಏಳುತ್ತದೆ. ನೊರೆಯಲ್ಲಿ ಮದ್ದು ಸಿರಿಂಜಿಗೆ ಸರಿಯಾಗಿ ಬರುವುದಿಲ್ಲ, ಕಾಯುತ್ತಾ ಕೂರಬೇಕು. ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ತಿರುಗಿಸಿದರೆ ತಾನಾಗಿ ಕರಗುತ್ತದೆ. ಅದಕ್ಕೂ ಮೊದಲು ಅಡ್ರಿನಲಿನ್, ಅಂದರೆ ಕುಸಿದ ಬಿ.ಪಿ. ಎತ್ತುವ ಮದ್ದನ್ನು ಸಿರಿಂಜಿಗೆ ಎಳೆದು, ಹೆಸರು ಬರೆದು ಪಕ್ಕದಲ್ಲಿ ಇಟ್ಟಿರಬೇಕು. ರೋಗಿಗೆ ಎ.ಎಸ್.ವಿ. ಒಗ್ಗದೆ ಹೋದರೆ ಆಗ ಅಡ್ರಿನಲಿನ್ ಇರುವ ಚಿಕ್ಕ ಗಾಜಿನ ಆಂಪೂಲ್ ಹುಡುಕುವಷ್ಟು ಸಮಯ ಇರುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಆ ಸಿರಿಂಜ್ ಬೇಕಾಗುವುದಿಲ್ಲ ಅಂತಿಟ್ಟುಕೊಳ್ಳಿ, ಆದರೂ ಹತ್ತು ಸಲವೂ ಎಳೆದಿಡುತ್ತೇನೆ.

ಹಾಗೆ ನೋಡಿದರೆ ಒತ್ತಡದ ಹೊತ್ತಿನ ಕೆಲಸ ಒತ್ತಡ ಇಲ್ಲದ ಹೊತ್ತಿನಲ್ಲೇ ನಡೆದಿರುತ್ತದೆ. ಡ್ಯೂಟಿಗೆ ಬಂದ ತಕ್ಷಣ ಎಮರ್ಜೆನ್ಸಿ ಟ್ರಾಲಿ ತೆರೆಯುತ್ತೇನೆ. ಗಂಟಲೊಳಗೆ ನೋಡುವ ಲಾರಿಂಗೋಸ್ಕೋಪಿನ ಬಲ್ಬ್ ಉರಿಯುತ್ತಾ? ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹರಿದಿಲ್ಲ ತಾನೇ? ಗಂಟಲಿನ ಕಫ ಹೀರುವ ಸಕ್ಷನ್ ಎಳೆಯುತ್ತಾ? ಆಕ್ಸಿಜನ್ ಸಿಲಿಂಡರಿನ ಕೀ ದಾರಕ್ಕೆ ಕಟ್ಟಿದ್ದು ಹಾಗೇ ಇದೆಯಾ? ಈ ಕೀ ನೋಡಲು ಚಿಕ್ಕದು, ಆದರೆ ರಾತ್ರಿ ಎರಡು ಗಂಟೆಗೆ ಅದು ಸಿಗದೆ ಹೋದರೆ ಎಂಥ ಡಾಕ್ಟರ್ ಇದ್ದರೂ ಕೈ ಕಟ್ಟಿದ ಹಾಗೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್ ಟ್ರಾಲಿಯಲ್ಲಿ ಇದ್ದರೆ ತೆಗೆದು ಬೇರೆ ಅಲ್ಮೇರಾದಲ್ಲಿ ಬೀಗ ಹಾಕಿ ಇಡುತ್ತೇನೆ. ನೀರು ಬೆರೆಸದೆ ನೇರ ರಕ್ತನಾಳಕ್ಕೆ ಹೋದರೆ ಅದು ಹೃದಯವನ್ನೇ ನಿಲ್ಲಿಸುತ್ತದೆ. ಹುಷಾರಾಗಿರಿ ಎಂದು ಬೋರ್ಡ್ ಹಾಕುವ ಬದಲು ಕೈಗೇ ಸಿಗದ ಹಾಗೆ ಇಡುವುದು ಮೇಲು.

ಪಟ್ಟಿ ನೋಡಿ ಕೆಲಸ ಮಾಡುವುದನ್ನು ಕಲಿಯುವವರ ಕೆಲಸ ಎಂದು ಕೆಲವರು ಅಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್‌ಗೆಂದು 19 ಅಂಶಗಳ ಒಂದು ಪಟ್ಟಿ ತಂದಿತು. ರೋಗಿಯ ಹೆಸರು ಏನು, ಯಾವ ಕಡೆಯ ಆಪರೇಷನ್, ಬಟ್ಟೆ ಮತ್ತು ಉಪಕರಣ ಎಣಿಸಿದ್ದೀರಾ, ಇಂಥವೇ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದರು. 2009ರಲ್ಲಿ ಬಂದ ವರದಿಯ ಪ್ರಕಾರ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು, ದೊಡ್ಡ ತೊಂದರೆಗಳು ಶೇ 11ರಿಂದ ಶೇ 7ಕ್ಕೆ ಇಳಿದವು. ಆ ಆಪರೇಷನ್ ಮಾಡಿದವರು ಕಲಿಯುವವರಲ್ಲ. ಮುಂದೆ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳು ಇಂಥ ಪಟ್ಟಿ ತಂದವು. 2014ರ ವರದಿಯಲ್ಲಿ ಅಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಎರಡೂ ನಿಜ ಅನ್ನಿಸುತ್ತವೆ. ಟ್ರಾಲಿ ತೆರೆಯದೆ ರಿಜಿಸ್ಟರಿನಲ್ಲಿ ಟಿಕ್ ಹಾಕಿದ್ದನ್ನು ನಾನೂ ನೋಡಿದ್ದೇನೆ. ಮೇಲಿನವರು ಹೇಳಿದರು ಎಂದು ಇಟ್ಟುಕೊಂಡ ಪಟ್ಟಿ ಟಿಕ್ ಹಾಕುವುದರಲ್ಲಿ ಮುಗಿಯುತ್ತದೆ. ನೀವು ಪಟ್ಟಿ ಮಾಡಿಕೊಳ್ಳುವುದಾದರೆ ನಿಮ್ಮದೇ ತಪ್ಪುಗಳಿಂದ ಮಾಡಿಕೊಳ್ಳಿ. ನನ್ನ ಪಟ್ಟಿಯ ಮೊದಲ ಸಾಲು "ಟ್ಯೂಬ್ ಮೇಲೆ ಸಮಯ".

ಪಕ್ಕದವರನ್ನು ನಂಬುವುದು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಡಾಕ್ಟರ್ "ಅಡ್ರಿನಲಿನ್ ಒಂದು ಮಿಲಿಗ್ರಾಂ" ಅಂದರೆ ನಾನು ಅದನ್ನೇ ತಿರುಗಿ ಹೇಳುತ್ತೇನೆ. ಕೊಟ್ಟ ಮೇಲೆ "ಕೊಟ್ಟೆ, ಎರಡು ಹದಿನಾಲ್ಕಕ್ಕೆ" ಎಂದು ಮತ್ತೆ ಹೇಳುತ್ತೇನೆ. ಒಬ್ಬರು ಬರೆಯುತ್ತಾರೆ. ಹೊರಗಿನವರಿಗೆ ಮಕ್ಕಳ ಆಟದಂತೆ ಕಾಣಬಹುದು. ಆದರೆ ಗದ್ದಲದಲ್ಲಿ ಒಂದು ಪದ ತಪ್ಪಾಗಿ ಕೇಳಿಸಿದರೂ ಅಲ್ಲೇ ಸಿಕ್ಕಿಬೀಳುತ್ತದೆ.

ನೈಟ್ ಡ್ಯೂಟಿಯ ಬಗ್ಗೆ ಸ್ವಲ್ಪ ಬರೆಯಲೇಬೇಕು. ಬೆಳಗಿನ ಜಾವ ಮೂರರಿಂದ ಐದು, ಮೈಯೂ ತಲೆಯೂ ಎಲ್ಲಕ್ಕಿಂತ ಮಂದವಾಗುವ ಹೊತ್ತು. ಕಟ್ಟು ಹಾವಿನ ಕೇಸುಗಳು ಬರುವುದೂ ಹೆಚ್ಚಾಗಿ ಅದೇ ಹೊತ್ತಿಗೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಊತ ಇರುವುದಿಲ್ಲ, ನೋವೂ ಅಷ್ಟಾಗಿ ಇರುವುದಿಲ್ಲ. ಎಷ್ಟೋ ಸಲ ಹೊಟ್ಟೆನೋವು ಎಂದೇ ಬರುತ್ತಾರೆ. ಟ್ಯೂಬಿನಲ್ಲಿ ರಕ್ತವೂ ಸರಿಯಾಗಿ ಹೆಪ್ಪುಗಟ್ಟುತ್ತದೆ. ಈ ವಿಷ ನರಗಳಿಗೆ ಹೋಗುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರಾಟ ಸೋಲುತ್ತದೆ. ಹಾಗಾಗಿ "ಒಂದೇ ಉಸಿರಿನಲ್ಲಿ ಎಷ್ಟು ಎಣಿಸ್ತೀರಿ, ಎಣಿಸಿ ನೋಡೋಣ" ಎಂದು ಪದೇ ಪದೇ ಕೇಳುತ್ತೇನೆ. ಪ್ರತಿ ಸಲವೂ ಬರೆಯುತ್ತೇನೆ. ಒಮ್ಮೆ ಒಬ್ಬ ಹೆಂಗಸು ಮೊದಲು 22ರವರೆಗೆ ಎಣಿಸಿದರು. ಮುಂದಿನ ಸಲ 19, ಆಮೇಲೆ 15. ಮುಖ ನೋಡಿದರೆ ಚೆನ್ನಾಗಿಯೇ ಮಾತಾಡುತ್ತಿದ್ದರು. ನಾಲ್ಕು ಗಂಟೆಯ ನನ್ನ ಮಂದ ತಲೆಗೆ ಏನೂ ಅನ್ನಿಸಲಿಲ್ಲ. ಕಾಗದದ ಮೇಲಿನ ಮೂರು ಅಂಕಿ ನೋಡಿ ಡಾಕ್ಟರನ್ನು ಎಬ್ಬಿಸಿದೆ. ಉಸಿರು ಪೂರ್ತಿ ಸೋಲುವ ಮೊದಲೇ ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿ ವೆಂಟಿಲೇಟರಿಗೆ ಸೇರಿಸಿದೆವು. ಎಂಟು ದಿನದ ಮೇಲೆ ಆಕೆ ನಡೆದುಕೊಂಡು ಮನೆಗೆ ಹೋದರು.

ನಿಮ್ಮ ಕೆಲಸದಲ್ಲಿ ಈ ನಾಲ್ಕು ಗಂಟೆ ಯಾವುದು ಎಂದು ಹುಡುಕಿ. ಊಟದ ನಂತರದ ಮೀಟಿಂಗ್ ಇರಬಹುದು, ಕೊನೆಯ ದಿನದ ಸಂಜೆ ಇರಬಹುದು. ಆ ಹೊತ್ತಿಗೆ ಹೊಸದಾಗಿ ಏನನ್ನೂ ನಿರ್ಧರಿಸಬೇಕಾಗಿ ಬರದ ಹಾಗೆ ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ಎಲ್ಲರೂ ಬದುಕುವುದಿಲ್ಲ. ಸಾವಾದಾಗ ಕೈ ತೊಳೆದು, ಒಂದು ಲೋಟ ನೀರು ಕುಡಿದು, ಆಮೇಲೆ ಮುಂದಿನ ಬೆಡ್ಡಿಗೆ ಹೋಗುತ್ತೇನೆ. ಎರಡು ನಿಮಿಷ ಸಾಕು. ಅದನ್ನೂ ಕೊಡದೆ ಹೋದ ದಿನ ಮುಂದಿನ ರೋಗಿಯ ಮೇಲೆ ರೇಗಿದ್ದೇನೆ. ಅವರ ತಪ್ಪೇನೂ ಇರಲಿಲ್ಲ.

ಕೊನೆಗೆ ಒಂದು ಮಾತು. ಇದೆಲ್ಲಾ ನಡೆಯುವುದು ಕೈಗಳು ಸಾಕಷ್ಟು ಇದ್ದಾಗ. ಒಂದು ಕಾಲದಲ್ಲಿ ರಾತ್ರಿ ಇಡೀ ಕ್ಯಾಶುವಾಲ್ಟಿಗೆ ನಾವು ಇಬ್ಬರೇ ಇದ್ದೆವು. ಸಿ.ಪಿ.ಆರ್. ಬಂದರೆ 2 ನಿಮಿಷಕ್ಕೆ ಬದಲಾಗಲು ಜನವೇ ಇಲ್ಲ. ನಾನು ಇನ್ನೂ ಗಟ್ಟಿಯಾಗಬೇಕು ಎಂದೇ ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ನಾವಿಬ್ಬರೂ ಕೂತು ಒಂದು ತಿಂಗಳ ರಾತ್ರಿ ಕೇಸುಗಳನ್ನು ಎಣಿಸಿ, ಎಷ್ಟು ಸಲ ಬದಲಿ ಸಿಗಲಿಲ್ಲ ಎಂದು ತಾರೀಖು ಹಾಕಿ ಬರೆದು ಕೊಟ್ಟೆವು. ಬಾಯಲ್ಲಿ ಹೇಳಿದಾಗ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಬರೆದು ಕೊಟ್ಟ ಮೇಲೂ ಏಳು ತಿಂಗಳು ಹಿಡಿಯಿತು, ಆದರೆ ಮೂರನೆಯವರು ಬಂದರು. ನೀವು ಒಬ್ಬರೇ ಎಷ್ಟು ಜನರ ಕೆಲಸ ಮಾಡುತ್ತಿದ್ದೀರಿ ಎಂದು ಪ್ರಶ್ನೆಯಲ್ಲಿ ಬರೆದಿಲ್ಲ. ಇಬ್ಬರ ಕೆಲಸ ಆಗಿದ್ದರೆ, ಮೊದಲು ಒಂದು ತಿಂಗಳ ಲೆಕ್ಕ ಬರೆದಿಟ್ಟು ಮೇಲಿನವರಿಗೆ ಕೊಡಿ.