ಮಂಗಳನ ವಸಾಹತಿಗೆ ಮೊದಲು ಗಾಳಿಯ ಲೆಕ್ಕ

ಪ್ರಶ್ನೆ: ಮಂಗಳ ಗ್ರಹದಲ್ಲಿ ಮನುಷ್ಯರು ನೆಲೆಯೂರುವುದನ್ನು ಕಂಪ್ಯೂಟರಿನಲ್ಲಿ ತೋರಿಸುವ ಮುಕ್ತ ತಂತ್ರಾಂಶವೊಂದನ್ನು ಬರೆಯಲು ನಾವು ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೊರಟಿದ್ದೇವೆ. ನಮಗೆ ಜಾವಾ ಬರುತ್ತದೆ. ಮೊದಲು ಗ್ರಾಫಿಕ್ಸ್ ಆಗಲಿ ಎಂಬುದು ಗೆಳೆಯರ ಒತ್ತಾಯ. ಎಲ್ಲಿಂದ ಆರಂಭಿಸಬೇಕು?
- ವಿದ್ಯಾರ್ಥಿನಿ, ತುಮಕೂರು

ಉತ್ತರ: ಗ್ರಾಫಿಕ್ಸ್ ಸದ್ಯಕ್ಕೆ ಬೇಡ. ವಸಾಹತು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅಲ್ಲಿನ ಗಾಳಿ, ನೀರು, ವಿದ್ಯುತ್ತಿನ ಜಮಾಖರ್ಚು. ಮೊದಲು ಬರೆಯಬೇಕಾದದ್ದೂ ಅದನ್ನೇ. ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ, ಅಂದರೆ ಗಂಟೆಗೆ 35 ಗ್ರಾಂ ಆಮ್ಲಜನಕ ಬೇಕು. ಮಂಗಳನ ಮೇಲಿಳಿದ ನಾಸಾದ ಪರ್ಸೆವೆರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಉಪಕರಣವು 2021ರಿಂದ 2023ರವರೆಗೆ 16 ಸಲ ಚಾಲನೆಗೊಂಡು, ಮಂಗಳನ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ತೆಗೆದ ಆಮ್ಲಜನಕ ಒಟ್ಟು 122 ಗ್ರಾಂ. ಒಬ್ಬರ ಮೂರೂವರೆ ಗಂಟೆಯ ಉಸಿರಾಟಕ್ಕೆ ಅದು ಸರಿಹೋದೀತು. ಪ್ರಯೋಗಕ್ಕೆಂದೇ ಮಾಡಿದ ಆ ಸಣ್ಣ ಯಂತ್ರವನ್ನು ಹೀಯಾಳಿಸುವಂತಿಲ್ಲ; ಆದರೆ ‘ಆಮ್ಲಜನಕ ಘಟಕ’ ಎಂಬ ಕ್ಲಾಸ್ (ಕೋಡಿನ ಒಂದು ಭಾಗ) ಬರೆದು ಮನಸ್ಸಿಗೆ ಬಂದ ಸಂಖ್ಯೆಯನ್ನು ತುಂಬುವ ಮುನ್ನ ಈ ಅಳತೆ ನೆನಪಿರಲಿ.

ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಅರಿಜೋನಾದ ಬಯೋಸ್ಫಿಯರ್ 2 ಒಳ್ಳೆಯ ಪಾಠ. 1991ರಲ್ಲಿ ಎಂಟು ಮಂದಿ ಗಾಳಿಯಾಡದಂತೆ ಮುಚ್ಚಿದ ಆ ಗಾಜಿನ ಕಟ್ಟಡವನ್ನು ಹೊಕ್ಕರು. ಸುಮಾರು 16 ತಿಂಗಳಲ್ಲಿ ಒಳಗಿನ ಆಮ್ಲಜನಕ ಶೇ. 20.9ರಿಂದ ಶೇ. 14ರ ಆಸುಪಾಸಿಗೆ ಇಳಿದು, ಹೊರಗಿನಿಂದ ತುಂಬಬೇಕಾಯಿತು. ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಗಿಡಗಳು ಅದನ್ನು ಮತ್ತೆ ಆಮ್ಲಜನಕವಾಗಿಸುವ ಮೊದಲೇ ಅದರಲ್ಲಿ ಬಹುಪಾಲನ್ನು ಕಟ್ಟಡದ ಕಾಂಕ್ರೀಟು ಹೀರಿಕೊಳ್ಳುತ್ತಿತ್ತು. ಗೋಡೆಯನ್ನು ಲೆಕ್ಕಕ್ಕೆ ಹಿಡಿಯದ ಸಿಮ್ಯುಲೇಶನ್ ಇದನ್ನು ಹಿಡಿಯಲಾರದು. ಆದ್ದರಿಂದ ಗಾಳಿ, ಗಿಡ, ಮಣ್ಣು, ಗೋಡೆ, ಮನುಷ್ಯ ಎಲ್ಲದರಲ್ಲೂ ಇರುವ ಇಂಗಾಲವನ್ನು ಕೂಡಿದರೆ ಪ್ರೋಗ್ರಾಂ ಕಾಲವನ್ನು ಮುಂದಕ್ಕೆ ಸರಿಸುವ ಪ್ರತಿ ಹಂತದ ಮುಂಚೆಯೂ ನಂತರವೂ ಮೊತ್ತ ಒಂದೇ ಬರಬೇಕೆಂಬುದು ನಿಮ್ಮ ಮೊದಲ ಟೆಸ್ಟ್ ಆಗಲಿ.

ಹಂತದ ಅವಧಿಯೂ ಮುಖ್ಯ. ಮಂಗಳನ ಒಂದು ದಿನ 24 ಗಂಟೆ 39 ನಿಮಿಷ 35 ಸೆಕೆಂಡು. ಬೆಳೆಯ ಬೆಳವಣಿಗೆಗೆ ದಿನಕ್ಕೊಂದು ಹಂತ ಸಾಕು. ಏರ್‌ಲಾಕ್ (ಒಳಗಿನ ಗಾಳಿ ಹೊರಹೋಗದಂತೆ ತಡೆಯುವ ಜೋಡಿ ಬಾಗಿಲಿನ ಕೋಣೆ) ಸೋರುವಾಗಲೂ ಅಷ್ಟೇ ಇಟ್ಟುಕೊಂಡರೆ ಎಲ್ಲರೂ ಸತ್ತ ಮೇಲೆ ಪ್ರೋಗ್ರಾಂ ಎಚ್ಚರಗೊಳ್ಳುತ್ತದೆ.

ಇನ್ನೊಂದು ಮಾತು. ಮಾರ್ಸ್ ಸಿಮ್ಯುಲೇಶನ್ ಪ್ರಾಜೆಕ್ಟ್ ಎಂಬ ಮುಕ್ತ ತಂತ್ರಾಂಶ ಜಾವಾದಲ್ಲಿಯೇ ಇದೆ. ಅದರಲ್ಲಿ ಪ್ರತಿಯೊಬ್ಬ ವಸಾಹತುಗಾರನೂ ತನ್ನ ಕೌಶಲ, ಹಸಿವು, ದಣಿವುಗಳಿಗೆ ತಕ್ಕಂತೆ ಮುಂದಿನ ಕೆಲಸವನ್ನು ತಾನೇ ಆರಿಸಿಕೊಳ್ಳುತ್ತಾನೆ. ಹೊಸದಾಗಿ ಬರೆಯುವ ಮುನ್ನ ಅದನ್ನು ಓದಿ; ಅಲ್ಲಿಯೇ ಒಂದು ದೋಷವನ್ನು ಸರಿಪಡಿಸಿದರೂ ಹೊಸ ಯೋಜನೆಯ ಅರ್ಧಂಬರ್ಧ ಗುಮ್ಮಟಗಳಿಗಿಂತ ಹೆಚ್ಚು ಕಲಿಯುವಿರಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಅದರ ಕೋಡನ್ನು ನಮ್ಮದರಲ್ಲಿ ಸೇರಿಸಿಕೊಳ್ಳಬಹುದೇ?
- ಅದೇ ಓದುಗರು

ಉತ್ತರ: ಸೇರಿಸಿಕೊಳ್ಳಬಹುದು. ಅದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೆಯ ಆವೃತ್ತಿಯಲ್ಲಿರುವುದರಿಂದ, ನಿಮ್ಮ ತಂತ್ರಾಂಶವನ್ನು ಇತರರಿಗೆ ಹಂಚುವಾಗ ಅದರ ಮೂಲ ಕೋಡನ್ನೂ ಅದೇ ಪರವಾನಗಿಯಡಿ ಕೊಡಬೇಕು. ದಿನಕ್ಕೆ 840 ಗ್ರಾಂ ಎಂಬಂಥ ಸ್ಥಿರಾಂಕಗಳನ್ನು ಮಾತ್ರ ಕೋಡಿನೊಳಗೆ ಹುದುಗಿಸದೆ, ಎಲ್ಲಿಂದ ಪಡೆದದ್ದೆಂಬ ಟಿಪ್ಪಣಿಯೊಡನೆ ಪ್ರತ್ಯೇಕ ಕಡತದಲ್ಲಿಡಿ. ಜಾವಾ ಅರಿಯದ ವೈದ್ಯರೋ ಕೃಷಿ ವಿಜ್ಞಾನಿಯೋ ಅದನ್ನು ತೆರೆದು ತಪ್ಪು ತಿದ್ದುವಂತಿರಬೇಕು.