ಆರು ಅಡಿಯ ತೊಟ್ಟಿ, ಒಂದೇ ಫ್ಲವರ್‌ಹಾರ್ನ್

ಪ್ರಶ್ನೆ: ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಅಕ್ವೇರಿಯಂ ಮಾಡಿಸಿದ್ದೇನೆ. ಎಂಟು ಇಂಚಿನ ಗಂಡು ಫ್ಲವರ್‌ಹಾರ್ನ್ ಮೀನು ಒಂದೇ ಇರುವುದರಿಂದ ತೊಟ್ಟಿ ಖಾಲಿ ಕಾಣುತ್ತದೆ. ಎರಡು ಆಸ್ಕರ್, ಒಂದು ಜಾಗ್ವಾರ್, ಒಂದು ಹೆಣ್ಣು ಫ್ಲವರ್‌ಹಾರ್ನ್ ಬಿಡಬಹುದೇ?
ಜೇವರ್ಗಿ ರಸ್ತೆ, ಕಲಬುರಗಿ

ಬಿಡಬೇಡಿ. ಮೀನಿನ ಹೆಸರು ಬದಲಾಗಿ ಇದೇ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಅಕ್ವೇರಿಯಂ ಪಕ್ವಗೊಳಿಸುವುದು (ಮೀನು ಬಿಡುವ ಮೊದಲು ಫಿಲ್ಟರ್‌ನಲ್ಲಿ ಉಪಕಾರಿ ಬ್ಯಾಕ್ಟೀರಿಯಾ ಬೆಳೆಸುವುದು), ಕ್ಲೋರಿನ್ ತೆಗೆಯುವುದು ನಿಮಗೆ ಗೊತ್ತಿದೆ ಎಂದು ಭಾವಿಸಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ತೊಟ್ಟಿ ಖಾಲಿ ಕಾಣುವುದು ನಿಮಗೆ. ಫ್ಲವರ್‌ಹಾರ್ನ್‌ಗೆ ಅದು ಆಗಲೇ ಬದು ಹಾಕಿಕೊಂಡ ಹೊಲ. ಬದು ಒತ್ತಿದವನನ್ನು ನಮ್ಮ ಯಾವ ರೈತ ಸುಮ್ಮನೆ ಬಿಟ್ಟಿದ್ದಾನೆ? 1990ರ ದಶಕದಲ್ಲಿ ಮಲೇಷ್ಯಾದವರು ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು (ಆಸ್ಕರ್, ಜಾಗ್ವಾರ್ ಕೂಡ ಸೇರುವ ಮೀನಿನ ಕುಟುಂಬ) ಬೆರೆಸಿ ಈ ತಳಿ ಬೆಳೆಸಿದರು. ಗಡಿ ಕಾಯುವ ಸ್ವಭಾವ ಅದರ ರಕ್ತದಲ್ಲೇ ಇದೆ. ನದಿಯಲ್ಲಾದರೆ ಸೋತ ಮೀನು ಓಡಿಹೋಗಿ ಬದುಕುತ್ತದೆ. ನಿಮ್ಮ ತೊಟ್ಟಿಯಲ್ಲಿ ಆರನೆಯ ಅಡಿಗೆ ಗಾಜು ಬರುತ್ತದೆ. ಅಲ್ಲಿಂದ ಅದು ತಿರುಗಿ ಬರಬೇಕಾದದ್ದು ಹೊಡೆದವನ ಬಾಯಿಗೇ.

‘ಗೆಳೆಯರ ಮನೆಯಲ್ಲಿ ಎಲ್ಲವೂ ಕೂಡಿ ಇವೆಯಲ್ಲ’ ಎಂದು ಬರೆಯುವವರಿಗೆ ಒಂದು ಮಾತು. ಬೀದರ್‌ನಲ್ಲಿದ್ದಾಗ ನಾನೂ ಜಾಗ್ವಾರ್ ಜೋಡಿಯೊಂದನ್ನು ಮರಿಯಿಂದ ಸಾಕಿದ್ದೆ. ಏಳು ತಿಂಗಳು ಒಂದು ಪೊರೆಯೂ ಉದುರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೆಣ್ಣು ಮೇಲ್ಮೂಲೆಯಲ್ಲಿ ರೆಕ್ಕೆ ಹರಿದು ನಿಂತಿತ್ತು. ಸಂಜೆ ಬಂದು ಬೇರೆ ಮಾಡಿದರಾಯಿತು ಎಂದುಕೊಂಡು ಕೆಲಸಕ್ಕೆ ಹೋದೆ. ಸಂಜೆಗೆ ಅದು ಉಳಿದಿರಲಿಲ್ಲ. ಮರಿಗಳ ಕಾಲದ ಶಾಂತಿ ಯಾವುದಕ್ಕೂ ಸಾಕ್ಷಿಯಲ್ಲ. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಣ್ಣು ಮೊಟ್ಟೆಗೆ ಸಿದ್ಧವಾಗಿರದಿದ್ದರೆ ಅದನ್ನೂ ಕೊಲ್ಲುತ್ತದೆ. ಅಂದಿನಿಂದ ನನ್ನದೊಂದು ನಿಯಮವಿದೆ: ನೀರು ತುಂಬಿ ಫಿಲ್ಟರ್ ಓಡುತ್ತಿರುವ ಇನ್ನೊಂದು ತೊಟ್ಟಿ ಮನೆಯಲ್ಲಿ ಇಲ್ಲದವರು ಎರಡನೆಯ ಸಿಕ್ಲಿಡ್ ಕೊಳ್ಳಬಾರದು. ಅತಿಯಾದ ಎಚ್ಚರಿಕೆ ಎನ್ನುವವರು ಅನ್ನಲಿ.

ಆರು ಅಡಿ ತುಂಬಿ ಕಾಣಲೇಬೇಕೆಂದರೆ ಯೋಚನೆಯನ್ನು ತಿರುಗಿಸಿ. ಫ್ಲವರ್‌ಹಾರ್ನ್ ಅನ್ನು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಗೆ ಸಾಗಿಸಿ. ಅದರಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ, ಒಂಟಿ ಮೀನಿಗೆ ಸಾಕು. ದೊಡ್ಡದರಲ್ಲಿ ಮೊದಲು ಆರೇಳು ಸಿಲ್ವರ್ ಡಾಲರ್ ಬಿಡಿ. ಅವು ಗುಂಪಾಗಿ, ಚುರುಕಾಗಿ ಈಜುವ ಮೀನುಗಳು, ಆಸ್ಕರ್‌ನ ಬಾಯಿಗೆ ಹಿಡಿಯದಷ್ಟು ಬೆಳೆದಿರಬೇಕು. ಅವು ನೆಲೆಯೂರಿದ ಮೇಲೆ ಎರಡು ಎಳೆಯ ಆಸ್ಕರ್‌ಗಳನ್ನು ಒಟ್ಟಿಗೆ ತನ್ನಿ. ಸಾಧು ಮೀನು ಮೊದಲು, ಜಗಳಗಂಟ ಕೊನೆಗೆ. ಈ ಕ್ರಮ ತಪ್ಪಿದರೆ ಉಳಿದ ಯಾವ ಉಪಾಯವೂ ನಡೆಯದು. ಮುಂದೆ ಹೊಸ ಮೀನು ಸೇರಿಸುವ ದಿನ ಕಲ್ಲು, ಕಟ್ಟಿಗೆಯ ಜಾಗವನ್ನೆಲ್ಲ ಬದಲಿಸಿ, ದೀಪ ಆರಿಸಿಯೇ ಬಿಡಿ. ಹಳೆಯ ಗಡಿಯ ಗುರುತು ಅಳಿದರೆ ಎಲ್ಲರೂ ಹೊಸಬರಾಗುತ್ತಾರೆ. ಕಲ್ಲನ್ನು ಒಂದು ತುದಿಯಿಂದ ಇನ್ನೊಂದು ತುದಿ ಕಾಣದಂತೆ ಜೋಡಿಸಿ. ಕಣ್ಣಿಗೆ ಬೀಳದ ಮೀನಿಗೆ ಏಟೂ ಕಡಿಮೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ. ಮಧ್ಯ ಅಮೆರಿಕದ ಮೀನಿಗೆ ಅದು ಒಗ್ಗುತ್ತದೆ, ಅಮೆಜಾನ್ ಕಡೆಯ ಆಸ್ಕರ್ ಇರುವಲ್ಲಿ ಹಾಕಬೇಡಿ.

ಇನ್ನು ಎಷ್ಟು ಮೀನು ಎಂಬುದು. ಅಂಗಡಿಯವರು ಜನವರಿಯಲ್ಲಿ ಲೆಕ್ಕ ಹೇಳುತ್ತಾರೆ, ನೀವು ಮೇ ತಿಂಗಳನ್ನು ನೆನೆದು ಲೆಕ್ಕ ಹಾಕಿ. ಕಲಬುರಗಿಯಲ್ಲಿ ಬಿಸಿಲು 43 ಡಿಗ್ರಿ ದಾಟಿದಾಗ ತೊಟ್ಟಿಯ ನೀರು 32 ಮೀರುವುದು ಕಷ್ಟವಲ್ಲ. ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೀನಿಗೆ ಬೇಕಾದದ್ದು ಹೆಚ್ಚು. ಕ್ಷಾರೀಯ ಬೋರ್‌ವೆಲ್ ನೀರಿನಲ್ಲಿ ಬಿಸಿ ಏರಿದಷ್ಟೂ ಮೀನು ಹೊರಹಾಕುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅದರ ಮೇಲೆ ಎರಡು ತಾಸು ಕರೆಂಟ್ ಹೋದರೆ, ಕಿಕ್ಕಿರಿದ ತೊಟ್ಟಿಯಲ್ಲಿ ದೊಡ್ಡ ಮೀನೇ ಮೊದಲು ಸಾಯುತ್ತದೆ. ಇನ್ವರ್ಟರ್‌ಗೆ ಟಿವಿಗಿಂತ ಮೊದಲು ಗಾಳಿ ಪಂಪ್ ಜೋಡಿಸಿ. ಐಸ್ ಸುರಿಯಬೇಡಿ. ಮುಚ್ಚಳ ತೆಗೆದು, ಮೀನು ಹಾರದಂತೆ ಜಾಲರಿ ಹೊದಿಸಿ, ನೀರಿನ ಮೇಲೆ ಸಣ್ಣ ಫ್ಯಾನ್ ತಿರುಗಿಸಿ. ನಮ್ಮ ಬೇಸಿಗೆಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರಾವಳಿಯವರಿಗೆ ಈ ಅನುಕೂಲವಿಲ್ಲ. ಆರಿದಷ್ಟು ನೀರನ್ನು ಆರ್‌ಒ ನೀರಿನಿಂದ ತುಂಬಿ, ಇಲ್ಲದಿದ್ದರೆ ಲವಣ ಕೂಡುತ್ತಾ ಹೋಗುತ್ತದೆ.

ಪ್ರಶ್ನೆ: ಫ್ಲವರ್‌ಹಾರ್ನ್‌ನ ಹಣೆಯ ಉಬ್ಬು ಬೆಳೆಯಲು ಹನಿ ಔಷಧ ಕೊಟ್ಟಿದ್ದಾರೆ, ಎಷ್ಟು ಹಾಕಲಿ?
ಭಾಲ್ಕಿ

ಚೆಲ್ಲಿಬಿಡಿ. ಉಬ್ಬು ಮುಖ್ಯವಾಗಿ ವಂಶದಿಂದ ಬರುತ್ತದೆ, ಸೀಸೆಯಿಂದಲ್ಲ.

ಪ್ರಶ್ನೆ: ಮೀನು ಸತ್ತರೆ ಮನೆಯ ಕಂಟಕ ಅದರೊಂದಿಗೆ ಹೋಗುತ್ತದೆ ಎನ್ನುತ್ತಾರೆ, ನಿಜವೇ?
ಯಾದಗಿರಿ

ಸುಳ್ಳು, ಅದೂ ಕ್ರೂರವಾದ ಸುಳ್ಳು. ನಿಮ್ಮ ಪತ್ರದ ಪ್ರಕಾರ ಎರಡು ತಿಂಗಳಲ್ಲಿ ಮೂರು ಮೀನು ಸತ್ತಿವೆ. ಹೀಗೆ ಹೇಳಿದವರೇ ನಿಮಗೆ ನಾಲ್ಕನೆಯದನ್ನೂ ಮಾರುತ್ತಾರೆ. ಅದನ್ನು ಕೊಳ್ಳುವ ಮೊದಲು ಅಮೋನಿಯಾ ಪರೀಕ್ಷೆಯ ಕಿಟ್ ಕೊಳ್ಳಿ.

ಪ್ರಶ್ನೆ: ಎರಡು ಅಡಿ ತೊಟ್ಟಿಯಲ್ಲಿ ಆಸ್ಕರ್ ಸಾಕಬಹುದೇ?
ಸೇಡಂ

ಒಂದು ಅಡಿ ಬೆಳೆಯುವ ಮೀನು ಅದರಲ್ಲಿ ತಿರುಗುವುದಾದರೂ ಹೇಗೆ? ಬೇಡ.

ಪ್ರಶ್ನೆ: ದೊಡ್ಡದಾದ ಮೀನನ್ನು ಊರಿನ ಅಪ್ಪನ ಕೆರೆಗೆ ಬಿಟ್ಟರೆ ಪುಣ್ಯವಲ್ಲವೇ?
ಕಲಬುರಗಿ

ಅಲ್ಲ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. ಇಂದು ಅದು ನಮ್ಮ ಕೆರೆಗಳಲ್ಲಿ ನಾಡ ಮೀನಿನ ಜಾಗ ಹಿಡಿದು ಕೂತಿದೆ. ಸಾಕಲು ಆಗದಿದ್ದರೆ ದೊಡ್ಡ ತೊಟ್ಟಿ ಇರುವವರನ್ನು ಹುಡುಕಿ, ಹಣ ಕೇಳದೆ ಕೊಟ್ಟುಬಿಡಿ. ಅಂಥವರು ಸಿಗುವವರೆಗೆ ಮೀನು ನಿಮ್ಮ ಮನೆಯಲ್ಲೇ ಇರಲಿ.