ಮೈಲಿನ್ ಜೆಲ್‌ನಲ್ಲಿ ಎಂಬಿಪಿ ಚೆನ್ನಾಗಿ ಬರುತ್ತೆ, ಪಿಎಲ್‌ಪಿ ಕಾಣೋದೇ ಇಲ್ಲ. ಯಾಕೆ?

ನೀವು ಬರೆದಿದ್ದರಲ್ಲಿ ನನಗೆ ತಿಳಿದಿದ್ದು ಇಷ್ಟು. ಕೊಪ್ಪಳದಲ್ಲಿ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದೀರಿ. ಕುರಿಯ ಮೆದುಳಿನಿಂದ ಮೈಲಿನ್ (ನರತಂತುಗಳನ್ನು ಸುತ್ತುವ ಕೊಬ್ಬಿನ ಹೊದಿಕೆ) ತೆಗೆದು, ಎಸ್‌ಡಿಎಸ್ ಎಂಬ ಡಿಟರ್ಜೆಂಟ್ ಬಳಸಿ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದ್ದೀರಿ. 18 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಎಂಬಿಪಿ, ಅಂದರೆ ಮೈಲಿನ್ ಬೇಸಿಕ್ ಪ್ರೋಟೀನ್, ದಪ್ಪಗೆ ಬಂದಿದೆ. 25ರ ಆಸುಪಾಸಿನಲ್ಲಿ ಬರಬೇಕಾದ ಪಿಎಲ್‌ಪಿ (ಪ್ರೋಟಿಯೋಲಿಪಿಡ್ ಪ್ರೋಟೀನ್) ಇಲ್ಲ, ಅದರ ಬದಲು ಸ್ಯಾಂಪಲ್ ಹಾಕುವ ಗುಂಡಿ, ಅಂದರೆ ವೆಲ್‌ನ ತಳದಲ್ಲಿ ನೀಲಿ ಕಲೆ. ಮೈಲಿನ್ ತೆಗೆದಿದ್ದೇ ಸರಿ ಇಲ್ಲವೇನೋ ಎಂಬ ಅನುಮಾನ ನಿಮಗೆ.

ಮೈಲಿನ್ ಸರಿಯಾಗೇ ಇದೆ ಅನಿಸುತ್ತೆ. ಸ್ಯಾಂಪಲ್ ಬಫರ್ ಹಾಕಿ 95 ಡಿಗ್ರಿಯಲ್ಲಿ ಐದು ನಿಮಿಷ ಕುದಿಸಿದ್ದೀರಿ, ಅಲ್ವಾ? ಎಲ್ಲ ಪ್ರಾಕ್ಟಿಕಲ್ ಪುಸ್ತಕದಲ್ಲೂ ಹಾಗೇ ಇರುತ್ತೆ. ಬೇರೆ ಪ್ರೋಟೀನ್‌ಗಳಿಗೆ ಅದು ಸರಿ, ಪಿಎಲ್‌ಪಿಗೆ ಆಗಿಬರಲ್ಲ. ಪಿಎಲ್‌ಪಿ ಪೊರೆಯನ್ನು ನಾಲ್ಕು ಸಲ ದಾಟುವ ಪ್ರೋಟೀನ್. ಮೈ ತುಂಬಾ ನೀರಿಗೆ ಸೇರದ ಭಾಗಗಳೇ. ಕುದಿಸಿದಾಗ ಆ ಭಾಗಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಒಮ್ಮೆ ಗಂಟಾದರೆ ಎಸ್‌ಡಿಎಸ್ ಕೂಡ ಬಿಡಿಸಲಾರದು. ಆ ಗಂಟು ಜೆಲ್ ಒಳಗೆ ಹೋಗದೆ ವೆಲ್‌ನಲ್ಲೇ ಕೂರುತ್ತೆ. ನೀವು ನೋಡಿದ ನೀಲಿ ಕಲೆ ಬಹುಶಃ ಅದೇ.

ಹಾಗಾಗಿ ಕುದಿಸಬೇಡಿ. ಡಿಟಿಟಿ (ಪ್ರೋಟೀನ್‌ನ ಗಂಧಕದ ಕೊಂಡಿ ಬಿಡಿಸುವ ರಾಸಾಯನಿಕ) ಇರುವ ಸ್ಯಾಂಪಲ್ ಬಫರ್‌ನಲ್ಲಿ 37 ಡಿಗ್ರಿಗೆ ಅರ್ಧ ಗಂಟೆ ಇಟ್ಟರೆ ಸಾಕು. ಡಿಟಿಟಿ ಹೊಸದಾಗಿರಲಿ.

ಇನ್ನೊಂದು ವಿಷಯ ಇದೆ, ಇದು ನಮ್ಮ ಕಡೆಯವರಿಗೆ ಮುಖ್ಯ. ಮೆದುಳು ಎಲ್ಲಿಂದ ತಂದಿರಿ? ಬಳ್ಳಾರಿಯಲ್ಲಿ ನಾನು ಹುಡುಗರಿಗೆ ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸುವಾಗ ಮೊದಲು ಕೇಳುವುದೇ ಇದನ್ನು. ಮಟನ್ ಅಂಗಡಿಯಲ್ಲಿ ತಲೆ-ಕಾಲನ್ನು ಸುಟ್ಟು, ಕೂದಲು ಹೆರೆದು, ಆಮೇಲೆ ಒಡೆದು ಕೊಡುತ್ತಾರೆ. ಅಷ್ಟೊತ್ತಿಗೆ ಮೆದುಳಿಗೆ ಬಿಸಿ ತಾಗಿರುತ್ತೆ. ಬೆಳಿಗ್ಗೆ ಬೇಗ ಹೋಗಿ, ಸುಡುವ ಮೊದಲೇ ತಲೆ ಒಡೆಸಿ ಭೇಜಾ ತೆಗೆಸಿಕೊಳ್ಳಿ. ತಕ್ಷಣ ಐಸ್ ಡಬ್ಬಿಗೆ ಹಾಕಿ. ಎಂಬಿಪಿಗೂ ಇದು ಬೇಕು. ಪ್ರೋಟೀನ್ ಕತ್ತರಿಸುವ ಕಿಣ್ವಗಳು, ಅಂದರೆ ಪ್ರೋಟಿಯೇಸ್‌ಗಳು, ಅದನ್ನು ಬಹಳ ಬೇಗ ತುಂಡು ಮಾಡುತ್ತವೆ. ಬಫರ್‌ಗೆ ಅವನ್ನು ತಡೆಯುವ ಪಿಎಂಎಸ್‌ಎಫ್ ಹಾಕಿ, ಆದರೆ ಬೇಸಿಗೆಯಲ್ಲಿ ಅದನ್ನೊಂದೇ ನಂಬಬೇಡಿ. ವಿಧಾನದಲ್ಲಿ ‘ರೂಮ್ ಟೆಂಪರೇಚರ್’ ಅಂತ ಇದ್ದರೆ ಸುಮಾರು 25 ಡಿಗ್ರಿ ಅಂತ ಅರ್ಥ. ಮೇ ತಿಂಗಳ ಬಳ್ಳಾರಿ, ರಾಯಚೂರಿನ ರೂಮ್ ಅಲ್ಲ.

ಮೈಲಿನ್ ತೆಗೆಯಲು ಹೆಚ್ಚಿನವರು ಅನುಸರಿಸುವುದು 1973ರ ನಾರ್ಟನ್ ಮತ್ತು ಪೊಡಸ್ಲೊ ವಿಧಾನ. ಒಂದು ಗ್ರಾಂ ಮೆದುಳನ್ನು 20 ಮಿ.ಲೀ. ತಣ್ಣನೆಯ 0.32 ಮೋಲಾರ್ ಸುಕ್ರೋಸ್‌ನಲ್ಲಿ ನುಣ್ಣಗೆ ಅರೆಯಬೇಕು. ಅದನ್ನು 0.85 ಮೋಲಾರ್ ಸುಕ್ರೋಸ್ ಮೇಲೆ ನಿಧಾನಕ್ಕೆ ಬಿಟ್ಟು ಸೆಂಟ್ರಿಫ್ಯೂಜ್‌ನಲ್ಲಿ 75,000 ಜಿ (ಗುರುತ್ವದ 75,000 ಪಟ್ಟು) ಬಲದಲ್ಲಿ ಅರ್ಧ ಗಂಟೆ ತಿರುಗಿಸಬೇಕು. (100 ಮಿ.ಲೀ.ಗೆ ಸುಕ್ರೋಸ್ ಸುಮಾರು 10.95 ಗ್ರಾಂ ಮತ್ತು 29.1 ಗ್ರಾಂ.) ಮೈಲಿನ್‌ನ ಒಣ ತೂಕದಲ್ಲಿ ಶೇ. 70ರಿಂದ 80 ಕೊಬ್ಬೇ ಇರುವುದರಿಂದ ಅದು ಮುಳುಗಲ್ಲ. ಎರಡು ಪದರ ಸೇರುವ ಜಾಗದಲ್ಲಿ ಹಾಲಿನ ಕೆನೆಯ ಹಾಗೆ ಬೆಳ್ಳಗೆ ನಿಲ್ಲುತ್ತೆ. ಅದನ್ನಷ್ಟೇ ಪಿಪೆಟ್‌ನಿಂದ ಎತ್ತಿ ತಣ್ಣನೆಯ ನೀರಿಗೆ ಹಾಕಬೇಕು. ಆಗ ಮೈಲಿನ್‌ನ ಪದರಗಳು ಉಬ್ಬಿ ಬಿಚ್ಚಿಕೊಂಡು ಒಳಗೆ ಸಿಕ್ಕಿದ್ದ ಬೇರೆ ಪ್ರೋಟೀನ್‌ಗಳು ಹೊರಗೆ ಬರುತ್ತವೆ. ಮತ್ತೆ ತಿರುಗಿಸಿ ಮೇಲಿನ ಮಬ್ಬು ನೀರು ಚೆಲ್ಲಿ. ಕೊನೆಗೆ ಸುಕ್ರೋಸ್ ಹಂತವನ್ನು ಇನ್ನೊಮ್ಮೆ ಮಾಡಿ. ಈ ಎರಡನೇ ಸಲದ್ದನ್ನು ಬಿಡಲೇಬೇಡಿ, ಮೈಲಿನ್ ಶುದ್ಧವಾಗುವುದು ಅದರಿಂದಲೇ.

ಅಲ್ಟ್ರಾಸೆಂಟ್ರಿಫ್ಯೂಜ್ ಸಿಗದಿದ್ದರೂ ದಾರಿ ಇದೆ. ಫೋಲ್ಚ್ ಮತ್ತು ಲೀಸ್ 1951ರಲ್ಲಿ ತೋರಿಸಿದ್ದು ಇದನ್ನೇ: ಮೆದುಳಿನ ಬಿಳಿ ಭಾಗವನ್ನು ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು ಸೇರಿಸಿದ ದ್ರಾವಣದಲ್ಲಿ ಅರೆದರೆ ಕೊಬ್ಬಿನ ಜೊತೆಗೆ ಒಂದು ಪ್ರೋಟೀನ್ ಕೂಡ ಕರಗಿ ಬರುತ್ತೆ. ಪ್ರೋಟೀನ್ ಆಗಿದ್ದೂ ಕ್ಲೋರೋಫಾರ್ಮ್‌ನಲ್ಲಿ ಕರಗುವುದು! ಅವರು ಇಂಥವಕ್ಕೆ ಪ್ರೋಟಿಯೋಲಿಪಿಡ್ ಅಂತ ಹೆಸರಿಟ್ಟರು. ಪಿಎಲ್‌ಪಿ ಅಂದರೆ ಅದೇ. ಕರಗದೆ ಉಳಿದ ಗಸಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಣ್ಣಗೆ ಕಲಕಿದರೆ ಎಂಬಿಪಿ ಆಮ್ಲಕ್ಕೆ ಇಳಿಯುತ್ತೆ. ಒಂದೇ ತುಂಡು ಮೆದುಳಿನಿಂದ ಎರಡೂ ಪ್ರೋಟೀನ್ ಬೇರೆ ಬೇರೆಯಾಗಿ ಸಿಗುತ್ತವೆ. ನಿಮ್ಮ ಪ್ರಾಜೆಕ್ಟ್‌ಗೆ ಇದೇ ಚೆನ್ನ ಅಂತ ನನ್ನ ಅಭಿಪ್ರಾಯ. ಗಾಜಿನ ಟ್ಯೂಬ್ ಬಳಸಿ, ಕ್ಲೋರೋಫಾರ್ಮ್‌ಗೆ ಎಷ್ಟೋ ಪ್ಲಾಸ್ಟಿಕ್ ಕರಗುತ್ತೆ. ಫ್ಯೂಮ್ ಹುಡ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಮೈಲಿನ್‌ನ ಎಲ್ಲ ತಲೆನೋವೂ ಇಲ್ಲೇ ಇದೆ. ಅದರ ಎರಡು ದೊಡ್ಡ ಪ್ರೋಟೀನ್‌ಗಳ ಗುಣ ಉತ್ತರ-ದಕ್ಷಿಣ. ಪಿಎಲ್‌ಪಿಗೆ ನೀರೇ ಆಗದು. ಎಂಬಿಪಿಗೆ ಪಾಸಿಟಿವ್ ಚಾರ್ಜ್ ಎಷ್ಟು ಜಾಸ್ತಿ ಅಂದರೆ ಐಸೋಎಲೆಕ್ಟ್ರಿಕ್ ಪಾಯಿಂಟ್ (ಒಟ್ಟು ಚಾರ್ಜ್ ಸೊನ್ನೆಯಾಗುವ ಪಿಎಚ್) 10ರ ಮೇಲೆ. ಆದ್ದರಿಂದ ಮೊದಲು ಆ ಪಿಎಚ್, ಆಮೇಲೆ ಗಾತ್ರದ ಪ್ರಕಾರ ಬೇರ್ಪಡಿಸುವ ಮಾಮೂಲಿ 2ಡಿ ಜೆಲ್‌ನಲ್ಲಿ ಎಂಬಿಪಿ ನಿಲ್ಲದೆ ಅಂಚು ದಾಟಿ ಹೋಗುತ್ತೆ. ಅದಕ್ಕೇ ಮೈಲಿನ್ ಮಾಡುವವರು ಮೊದಲ ದಿಕ್ಕಿನಲ್ಲಿ 16-ಬಿಎಸಿ ಎಂಬ ಪಾಸಿಟಿವ್ ಡಿಟರ್ಜೆಂಟ್, ಎರಡನೇ ದಿಕ್ಕಿನಲ್ಲಿ ಎಸ್‌ಡಿಎಸ್ ಬಳಸುತ್ತಾರೆ. ಮಾಸ್ ಸ್ಪೆಕ್‌ನಲ್ಲೂ ಇದೇ ಕಥೆ. ಅಲ್ಲಿ ಪ್ರೋಟೀನ್ ತುಂಡರಿಸಲು ಬಳಸುವ ಟ್ರಿಪ್ಸಿನ್ ಕಿಣ್ವ ಎಂಬಿಪಿಯನ್ನು ಬೇಕಾದಷ್ಟು ಕಡೆ ಕತ್ತರಿಸುತ್ತೆ. ಪಿಎಲ್‌ಪಿಯ ಪೊರೆಯೊಳಗಿನ ಉದ್ದ ಭಾಗಗಳಲ್ಲಿ ಕತ್ತರಿಸಲು ಜಾಗವೇ ಸಿಗಲ್ಲ.

ಬ್ಯಾಂಡ್ ದಪ್ಪ ನೋಡಿ ಪ್ರಮಾಣ ಹೇಳಲೂ ಹೋಗಬೇಡಿ. ಜೆಲ್‌ಗೆ ಹಾಕುವ ಕೂಮಾಸ್ಸಿ ನೀಲಿ ಬಣ್ಣ ಆರ್ಜಿನಿನ್, ಲೈಸಿನ್ ಎಂಬ ಪಾಸಿಟಿವ್ ಅಮೈನೋ ಆಮ್ಲಗಳು ಇರುವ ಕಡೆ ಹೆಚ್ಚು ಹಿಡಿಯುತ್ತೆ, ಹಾಗಾಗಿ ಎಂಬಿಪಿ ಇರುವುದಕ್ಕಿಂತ ಜಾಸ್ತಿ ಇದ್ದ ಹಾಗೆ ಕಾಣುತ್ತೆ. ಪ್ರೋಟೀನ್ ಪ್ರಮಾಣ ಅಳೆಯುವ ಬ್ರಾಡ್‌ಫರ್ಡ್ ವಿಧಾನದಲ್ಲೂ ಅದೇ ಬಣ್ಣ, ಅದೇ ತೊಂದರೆ. ಎಸ್‌ಡಿಎಸ್ ಸೇರಿಸಿದ ಲೌರಿ ವಿಧಾನ ಮೈಲಿನ್‌ಗೆ ಮೇಲು.

ನಿಮ್ಮ ಇನ್ನೊಂದು ಅನುಮಾನ, ಪುಸ್ತಕದ ಚಿತ್ರದಲ್ಲಿರುವ 14 ಕಿಲೋಡಾಲ್ಟನ್ ಬ್ಯಾಂಡ್ ನಿಮ್ಮಲ್ಲಿ ಯಾಕಿಲ್ಲ ಅಂತ. ಆ ಚಿತ್ರ ಇಲಿಯದೋ ನೋಡಿ. ಬೆಳೆದ ಇಲಿಯಲ್ಲಿ 14 ಮತ್ತು 18.5, ಎರಡೂ ಎಂಬಿಪಿ ಚೆನ್ನಾಗಿ ಕಾಣುತ್ತವೆ. ದನ, ಮನುಷ್ಯರಲ್ಲಿ 18.5ರದ್ದೇ ಹೆಚ್ಚು. ಕುರಿಯಲ್ಲಿ ಅದೊಂದೇ ಎದ್ದು ಕಂಡರೆ ಗಾಬರಿ ಬೇಡ. ವೆಸ್ಟರ್ನ್ (ಜೆಲ್‌ನ ಪ್ರೋಟೀನನ್ನು ಮೆಂಬ್ರೇನ್‌ಗೆ ಇಳಿಸಿ ಆ್ಯಂಟಿಬಾಡಿಯಿಂದ ಗುರುತಿಸುವುದು) ಮಾಡುವುದಾದರೆ 0.2 ಮೈಕ್ರಾನ್ ರಂಧ್ರದ ಮೆಂಬ್ರೇನ್ ತರಿಸಿ. 0.45ರದ್ದರಲ್ಲಿ ಇಷ್ಟು ಚಿಕ್ಕ ಪ್ರೋಟೀನ್ ತೂರಿ ಆಚೆ ಹೋಗಬಹುದು.

ಈಗಿರುವ ಮೈಲಿನ್ ಚೆಲ್ಲಬೇಡಿ. ಅದರಲ್ಲೇ ಒಂದು ಪಾಲು ಕುದಿಸಿ, ಒಂದು ಪಾಲು 37 ಡಿಗ್ರಿಯಲ್ಲಿಟ್ಟು, ಎರಡನ್ನೂ ಅಕ್ಕಪಕ್ಕದ ಲೇನ್‌ನಲ್ಲಿ ಓಡಿಸಿ. ಕುದಿಸದ ಲೇನ್‌ನಲ್ಲಿ 25ರ ಹತ್ತಿರ ಬ್ಯಾಂಡ್, ಅದರ ಸ್ವಲ್ಪ ಕೆಳಗೆ ತೆಳ್ಳಗೆ ಡಿಎಂ20 (ಪಿಎಲ್‌ಪಿಯದ್ದೇ ಚಿಕ್ಕ ರೂಪ) ಬಂದರೆ ಗೈಡ್‌ಗೆ ಆ ಜೆಲ್ಲನ್ನೇ ತೋರಿಸಿ. ಎರಡರಲ್ಲೂ ಬರದಿದ್ದರೆ ಜೆಲ್ ಫೋಟೊ ಹಾಕಿ, ವೆಲ್‌ಗಳೂ ಕಾಣುವ ಹಾಗೆ. ನೋಡಿ ಹೇಳುತ್ತೇನೆ.